ಹಳೇ ಹೆಸರು, ಹಳೇ ಪಾಸ್‌ವರ್ಡ್

ನವೆಂಬರ್ ತಿಂಗಳ ಒಂದು ಸೋಮವಾರ. ತಿಕೋಟಾದ ಪೊಲೀಸ್ ಠಾಣೆಯ ಅಂಗಳಕ್ಕೆ ನೀರು ಚಿಮುಕಿಸುವುದು ಇನ್ನೂ ಮುಗಿದಿರಲಿಲ್ಲ. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಮಹಿಳಾ ಕಾನ್‌ಸ್ಟೇಬಲ್ ಗುಲಶನಳ ಮೇಜಿನೆದುರು ನಿಂತಳು.

"ಕಂಪ್ಲೇಂಟ್ ಬರಕೋಬೇಕ್ರಿ."

"ಕುಂದರಬೇ. ಯಾರ ಮ್ಯಾಲೆ?"

"ನನ್ನ ಸಣ್ಣ ಮಗನ ಮ್ಯಾಲೆ. ಚೇತನಕುಮಾರ ಅಂತ."

"ಏನ್ ಮಾಡ್ಯಾನ?"

"ನನ್ನ ದೊಡ್ಡ ಮಗಾ ದಿನಾ ಸಂಜಿಕ ಮನಿಗಿ ಬರತಿದ್ದಾ. ಅಂವ ಬರಬಾರದಂತ ಇಂವ ಬಾಗಲಾ ಬಂದ್ ಮಾಡ್ಯಾನ್ರಿ."

"ದೊಡ್ಡ ಮಗ ಈಗ ಎಲ್ಲಿ ಇರ್ತಾನ?"

"ಸತ್ತು ಎಂಟ ತಿಂಗಳಾತು."

ಗುಲಶನ ಪೆನ್ನು ಕೆಳಗಿಟ್ಟಳು. ಒಳಕೋಣೆಯಲ್ಲಿದ್ದ ಪಿಎಸ್‌ಐ ಬಸಗೊಂಡಪ್ಪ ಸಾರವಾಡ ಅವರಿಗೆ ಈ ಮಾತು ಕೇಳಿಸಿತು. ಕಾನ್‌ಸ್ಟೇಬಲ್ ಆಗಿ ಸೇರಿ ಮೇಲೆ ಬಂದವರು, ನಿವೃತ್ತಿಗೆ ಹತ್ತಿರವಾದವರು. ಜೂನ್‌ನಲ್ಲಿ ಈ ಠಾಣೆಗೆ ವರ್ಗವಾಗಿ ಬಂದಿದ್ದರು. ಎದ್ದು ಬಂದು ಮುದುಕಿಯ ಎದುರಿನ ಕುರ್ಚಿಯಲ್ಲಿ ಕೂತರು.

ಅಷ್ಟರಲ್ಲಿ ಅವಳ ಸೊಸೆ ಸೌಭಾಗ್ಯ ಏದುಸಿರು ಬಿಡುತ್ತ ಬಂದಳು. "ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ. ನಮ್ಮ ಅತ್ತಿ ಮನಸಿಗಿ ಹಚಗೊಂಡಾರ್ರಿ. ಮೂರು ದಿನದಿಂದ ಸರಿಯಾಗಿ ಉಂಡಿಲ್ರಿ. ಏಳ್ರಿ ಅತ್ತಿ."

ಮುದುಕಿ ಏಳಲಿಲ್ಲ. ಅವಳ ಹೆಸರು ಗುರುಬಸವ್ವ. ಸತ್ತ ಮಗ ಅರುಣಕುಮಾರ, ಸೌಭಾಗ್ಯಳ ಗಂಡ. ಕಳ್ಳಕವಟಗಿ ಹತ್ತಿರ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು ಇಟ್ಟುಕೊಂಡಿದ್ದವನು. ಮಾರ್ಚ್‌ನಲ್ಲಿ ತೋಟದ ಕೃಷಿಹೊಂಡದಲ್ಲಿ ಮುಳುಗಿ ತೀರಿಕೊಂಡಿದ್ದ.

"ಅವರು ಬರತಿದ್ರು ಅಂದ್ರ ಏನವ್ವಾ?" ಬಸಗೊಂಡಪ್ಪ ಸೌಭಾಗ್ಯಳನ್ನು ಕೇಳಿದರು.

ಅವಳು ತನ್ನ ಮೊಬೈಲ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದಳು. ಮನೆಯ ವೈಫೈ ರೂಟರಿನ ಆ್ಯಪ್. ಯಾವ ಯಾವ ಫೋನು, ಟಿವಿ ಸೇರಿಕೊಂಡಿವೆ ಎಂಬ ಪಟ್ಟಿ. ದಸರಾ ರಜೆಯಲ್ಲಿ ನೆಟ್ ನಿಧಾನವಾಯಿತೆಂದು ಅವಳು ತೆರೆದು ನೋಡಿದ್ದಳು. ಅವಳ ಫೋನು, ಮೈದುನನ ಫೋನು, ಟಿವಿ. ನಾಲ್ಕನೆಯದು 'ಅರುಣ'.

"ಅವರ ಫೋನಿನ ಹೆಸರ್ರಿ. ಅವರೇ ಇಟ್ಟಿದ್ದು. ಅದೂ ಅವರ ಜೋಡಿ ಹೊಂಡದಾಗ ಹೋತು ಅನಕೊಂಡಿದ್ವಿ. ದಿನಾ ದೀಪಾ ಹಚ್ಚೂ ಹೊತ್ತಿಗಿ ಬರತಿತ್ತು. ಸ್ವಲ್ಪ ಹೊತ್ತು ಇದ್ದು ಹೋಗತಿತ್ತು. ನಾ ಯಾರಿಗೂ ಹೇಳಿರಲಿಲ್ಲ, ಅತ್ತಿ ನೋಡಿಬಿಟ್ರು. ಅವತ್ತಿನಿಂದ ಆ ಹೊತ್ತಿಗಿ ತಾಟಿನ್ಯಾಗ ಎರಡು ರೊಟ್ಟಿ ಹೆಚ್ಚಿಗಿ ಇಡಾಕ ಹತ್ತಿದ್ರು. ನಮ್ಮ ಹುಡುಗಿ ಒಬ್ಬಾಕೀನ ಮಲಗಾಕ ಅಂಜತಿದ್ಲು. ಅದಕ್ಕ ಚೇತನ ಆ ಡಬ್ಬಿ ರಿಸೆಟ್ ಮಾಡಿಬಿಟ್ರು. ಹಿಂದಿನ ತೂತಿನ್ಯಾಗ ಪಿನ್ನು ಚುಚ್ಚಿ. ಹೆಸರೂ ಬದಲಿ, ಪಾಸ್‌ವರ್ಡೂ ಬದಲಿ. ಆಮ್ಯಾಲೆ ಬರಲಿಲ್ಲ."

"ಬಂದಾನು ಹ್ಯಾಂಗ?" ಎಂದಳು ಗುರುಬಸವ್ವ. "ಕೀಲಿ ಬದಲಿ ಮಾಡಿದ್ರ?"

ಬಸಗೊಂಡಪ್ಪ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಸತ್ತವರ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೆ ನೀರಿಗೆ ಬಿದ್ದ ಫೋನು ಎಂಟು ತಿಂಗಳ ಮೇಲೆ ವೈಫೈ ಹುಡುಕಿಕೊಂಡು ಬರುವುದಿಲ್ಲ ಎಂಬುದು ಗೊತ್ತಿತ್ತು.

*

ಮಧ್ಯಾಹ್ನ ಅರುಣಕುಮಾರನ ಅಸ್ವಾಭಾವಿಕ ಮರಣದ ಕಡತ ಮೇಜಿನ ಮೇಲೆ ಬಂತು. ಮರಣೋತ್ತರ ಪರೀಕ್ಷೆಯಲ್ಲಿ ನೀರಿನಲ್ಲಿ ಮುಳುಗಿ ಸಾವು; ಮೈಮೇಲೆ ಹೊಡೆತದ ಗುರುತಿಲ್ಲ; ಬೆರಳ ಉಗುರುಗಳಲ್ಲಿ ಪಾಚಿ. ಫೋನೂ ಹೊಂಡದಲ್ಲೇ ಹೋಗಿರಬೇಕೆಂದು ಮನೆಯವರೇ ಹೇಳಿಕೆ ಕೊಟ್ಟಿದ್ದರು. ಕಾಲು ಜಾರಿ ಬಿದ್ದಿದ್ದಾನೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ವಿಜಯಪುರದ ಸೈಬರ್ ವಿಭಾಗಕ್ಕೆ ಫೋನಿನ ಐಎಂಇಐ ಸಂಖ್ಯೆ ಹೋಯಿತು. ಮರುದಿನ ಉತ್ತರ ಬಂತು: ಮಾರ್ಚ್ ನಂತರ ಆ ಫೋನಿಗೆ ಯಾವ ಸಿಮ್ಮೂ ಹಾಕಿಲ್ಲ, ಯಾವ ಟವರಿನಲ್ಲೂ ಕಂಡಿಲ್ಲ.

ಮಂಗಳವಾರ ಬಸಗೊಂಡಪ್ಪ, ಗುಲಶನ ಇಬ್ಬರೂ ಚೇತನಕುಮಾರನನ್ನು ಕರೆದುಕೊಂಡು ತೋಟಕ್ಕೆ ಹೋದರು. ಹೊಂಡ ದೊಡ್ಡದು. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಕರಿ ಪ್ಲಾಸ್ಟಿಕ್ ಹಾಳೆ. ನೀರಿನ ಅಂಚಿಗೆ ಹಸಿರು ಪಾಚಿ ಮಿಂಚುತ್ತಿತ್ತು. ಸುತ್ತ ತಂತಿಬೇಲಿ ಹೊಸದು.

"ಬೇಲಿ ಯಾವಾಗ ಹಾಕಿದ್ರಿ?" ಬಸಗೊಂಡಪ್ಪ ಕೇಳಿದರು.

"ಅಣ್ಣ ತೀರಿದ ಮ್ಯಾಲೆ ನಾ ಹಾಕಿಸೇನ್ರಿ."

"ಅಣ್ಣಗ ಈಸು ಬರತಿತ್ತೇನು?"

"ಛಲೋ ಬರತಿತ್ರಿ. ಆದ್ರ ಈ ಹಾಳಿ ಮ್ಯಾಲೆ ಕಾಲು ನಿಲ್ಲೂದಿಲ್ಲ. ಹಗ್ಗ ಇಲ್ಲದ ಮ್ಯಾಲೆ ಏರಾಕ ಆಗೂದಿಲ್ಲ. ಯಾರಿಂದಾನೂ ಆಗೂದಿಲ್ರಿ."

ದಂಡೆಯಲ್ಲಿ ಒಂದು ಕಬ್ಬಿಣದ ಗೂಟವಿತ್ತು. ಮೋಟಾರಿನ ಪೈಪಿನ ಬಾಯಿಗೆ ಕಸ ಸಿಕ್ಕಿಕೊಂಡಾಗ ಆ ಗೂಟಕ್ಕೆ ಹಗ್ಗ ಕಟ್ಟಿ, ಹಿಡಿದುಕೊಂಡು ಇಳಿದು ತೆಗೆಯುತ್ತಿದ್ದರು.

"ಆ ದಿನ ಮೋಟಾರ್ ನೀರು ಎಳೀತಿತ್ತೇನು?"

"ಇಲ್ರಿ. ಪೈಪಿನ ಬಾಯಿಗಿ ಕಸ ಸಿಕ್ಕು ಬೆಳಿಗ್ಗಿಯಿಂದ ಗಾಳಿ ಹಿಡದಿತ್ತು."

"ಮತ್ತ ಯಾವಾಗ ಎಳೀತು?"

"ಅಣ್ಣನ ಮಣ್ಣಾಗಿ ಮೂರು ದಿನಕ್ಕ ನಾ ಬಂದು ಚಾಲೂ ಮಾಡಿದ್ನಿ. ಒಮ್ಮಿಗೇ ಎಳೀತ್ರಿ." ಹೇಳುತ್ತ ಹೇಳುತ್ತ ಚೇತನಕುಮಾರನ ದನಿ ಇಳಿಯಿತು. "ಅಂದ್ರ... ಅಣ್ಣ ಕೆಳಗ ಇಳಿದು ಸ್ವಚ್ಛ ಮಾಡ್ಯಾನ?"

ಬಸಗೊಂಡಪ್ಪ ಮಾರ್ಚ್‌ನ ಪಂಚನಾಮೆಯ ಪ್ರತಿಯನ್ನು ಅವನ ಕೈಗೆ ಕೊಟ್ಟರು. ಹಗ್ಗ ಶೆಡ್ಡಿನೊಳಗೆ ಮೊಳೆಗೆ ಸುತ್ತಿ ತೂಗುಹಾಕಿತ್ತು ಎಂದು ಅದರಲ್ಲಿತ್ತು. ಕೆಳಗಿಳಿದವನು ಮೇಲೆ ಬರಲಿಲ್ಲ. ಹಗ್ಗ ಮೇಲೆ ಬಂದು ಮೊಳೆ ಸೇರಿತ್ತು.

ಚೇತನಕುಮಾರ ದಂಡೆಯ ಮೇಲೆ ಕೂತುಬಿಟ್ಟ.

"ನೀ ಆ ರೂಟರ್ ಯಾಕ ರಿಸೆಟ್ ಮಾಡಿದಿ?"

"ನಮ್ಮವ್ವನ ಸಲುವಾಗಿ. ಖರೇ ಹೇಳಬೇಕಂದ್ರ ನನ್ನ ಸಲುವಾಗೀನೂ ರೀ. ಆ ಹೆಸರು ಬಂದಾಗ ಮನ್ಯಾಗ ಯಾರೂ ಮಾತಾಡತಿರಲಿಲ್ಲ. ನಂಗ ಹಿಂದ ಯಾರೋ ನಿಂತಂಗ ಆಗತಿತ್ತು."

"ರಿಸೆಟ್ ಮಾಡಿದ ಮ್ಯಾಲೆ ಏನಾತು?"

"ನೆಟ್ಟೇ ಹೋತ್ರಿ. ಎರಡು ದಿನ ಬಂದ್. ಕಂಪನಿ ಹುಡುಗ ಫೈಜಲ ಬಂದು ಮತ್ತ ಎಲ್ಲಾ ತುಂಬಿದ. ಹೊಸ ಪಾಸ್‌ವರ್ಡ್ ನಾ ಇಟ್ನಿ."

"ನೆಟ್ ಬಂದ್ ಆಗಿದ್ದು ಹೊರಗಿನವರಿಗೆ ಯಾರಿಗರೆ ಗೊತ್ತಿತ್ತೇನು? ಯಾರರೆ ಕೇಳಿದ್ರೇನು?"

ಅವನು ಯೋಚಿಸಿದ. "ಯಾರೂ ಇಲ್ರಿ. ಹಾಂ, ಭಾಗ್ಯಾ ಕೇಳಿದ್ಲು. ಹಾಲು ಹಿಂಡಾಕ ಬರತಾಳ. 'ಮನ್ಯಾಗಿನ ನೆಟ್ ಹೋಗೈತೇನ್ರಿ, ಯಾವಾಗ ಬರತೈತಿ' ಅಂದ್ಲು. ಟಿವಿ ನೋಡಾಕ ಕೇಳಿರಬೇಕು ಅನಕೊಂಡ್ನಿ."

"ಆಕಿ ಹತ್ರ ಎಂಥ ಫೋನ್ ಐತಿ?" ಗುಲಶನ ಕೇಳಿದಳು.

"ಗುಂಡಿ ಒತ್ತೂ ಫೋನ್ರಿ. ಸಾದಾ."

ಬಸಗೊಂಡಪ್ಪ ಭಾಗ್ಯಾ ಯಾರು ಎಂದು ವಿವರವಾಗಿ ಕೇಳಿದರು. ಕುರಿ ಸಾಕುವ ಮನೆತನ. ಗಂಡ ಚಂದ್ರಕಾಂತ ಮಂದೆ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಊರೂರು ಅಲೆಯುತ್ತಾನೆ. ಇವಳು ಸುಗ್ಗಿಯಲ್ಲಿ ದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ, ಉಳಿದಂತೆ ಗುರುಬಸವ್ವನ ಹಿತ್ತಲಿನಲ್ಲಿ ದನಗಳ ಚಾಕರಿ. ಮಕ್ಕಳಿಲ್ಲ. ಒಬ್ಬ ಮಗನಿದ್ದ, ಮುತ್ತು. ಆರು ವರ್ಷದವನು.

"ಇದ್ದ ಅಂದ್ರ?"

ಚೇತನಕುಮಾರ ಹೊಂಡದ ಕಡೆ ನೋಡಿದ. "ಹ್ವಾದ ವರ್ಷ. ಇಲ್ಲೇ ರೀ."

*

ಬುಧವಾರ ಬೆಳಗ್ಗೆ ಬಸಗೊಂಡಪ್ಪ ವಿಜಯಪುರಕ್ಕೆ ಹೋಗಿ, ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಫೈಜಲನನ್ನು ಕಂಡರು. ಕೇಬಲ್ ಸುರುಳಿಗಳ ನಡುವೆ ಚಹಾ ಕುಡಿಯುತ್ತಿದ್ದ ಅವನು ಪೊಲೀಸರನ್ನು ನೋಡಿ ಎದ್ದು ನಿಂತ.

"ಆ ಮನಿ ಪಾಸ್‌ವರ್ಡ್ ನಿಂಗ ಗೊತ್ತಿತ್ತು, ಹೌದಲ್ಲೋ?"

"ಹಾಕಿ ಕೊಟ್ಟಾಂವ ನಾನ ರೀ. ಆದ್ರ ಆ ಮನಿಗಿ ವರ್ಷಾತು ಹೋಗಿರಲಿಲ್ಲ. ಕಳದ ವಾರ ಹ್ವಾದೆ ಅಷ್ಟ."

"ರಿಸೆಟ್ ಮಾಡಿದ್ರ ಯಾಕ ಆ ಫೋನ್ ಬರೂದು ನಿಂತಿತು?"

"ರೂಟರಿಗಿ ತನ್ನ ಹೆಸರ ಮರತು ಹೋಗತೈತ್ರಿ. ಕಂಪನಿಯಿಂದ ಬಂದಾಗ ಹ್ಯಾಂಗಿತ್ತೋ ಹಾಂಗ ಆಗತೈತಿ. ಫೋನ್ ಮಾತ್ರ ಮರಿಯೂದಿಲ್ಲ. ಹಳೇ ಹೆಸರ ನೆನಪಿಟಗೊಂಡು ಹುಡುಕ್ಕೋತ ಇರತೈತಿ."

"ಹಳೇ ಹೆಸರು, ಹಳೇ ಪಾಸ್‌ವರ್ಡ್ ಮತ್ತ ಇಟ್ರ?"

ಫೈಜಲ ಚಹಾದ ಕಪ್ಪು ಕೆಳಗಿಟ್ಟ. "ತಾನ ಬಂದು ಸೇರತೈತ್ರಿ. ಕೇಳೂದೂ ಇಲ್ಲ."

ಅಂದು ಸಂಜೆಗೆ ಮೊದಲೇ ಅವರು ಗುರುಬಸವ್ವನ ಮನೆಯಲ್ಲಿದ್ದರು. ಜೀಪು ದೂರ ನಿಲ್ಲಿಸಿದ್ದರು. ಎಲ್ಲರೂ ಮಫ್ತಿಯಲ್ಲಿದ್ದರು. ಸೌಭಾಗ್ಯ ಮಗಳನ್ನು ತಂಗಿಯ ಮನೆಗೆ ಕಳಿಸಿದ್ದಳು. ಸಾಕ್ಷಿಗೆಂದು ಕರೆಸಿದ ಇಬ್ಬರು ಪಂಚರ ಎದುರಿಗೆ ಫೈಜಲ ರೂಟರಿನ ಹಿಂಭಾಗದ ತೂತಿಗೆ ಪಿನ್ನು ಚುಚ್ಚಿ ಹಿಡಿದ. ದೀಪಗಳೆಲ್ಲ ಒಮ್ಮೆ ಆರಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹತ್ತಿಕೊಂಡವು. ಕಂಪನಿಯ ಯೂಸರ್‌ನೇಮ್ ತುಂಬಿದ. ಆಮೇಲೆ ಸೌಭಾಗ್ಯಳನ್ನು ನೋಡಿದ.

ಅವಳು ಹಳೆಯ ಹೆಸರನ್ನು ಒಂದೊಂದೇ ಅಕ್ಷರ ಹೇಳಿದಳು. ಗಂಡ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ. ಆಮೇಲೆ ಪಾಸ್‌ವರ್ಡ್ ಹೇಳಿದಳು. ಅದು ಅವರ ಲಗ್ನದ ತಾರೀಖು.

"ಈಗ ಬರ್ತಾನೇನ್ರಿ?" ಗುರುಬಸವ್ವ ಕೇಳಿದಳು.

ಬಸಗೊಂಡಪ್ಪ ಅವಳ ಮುಖ ನೋಡಲಾರದೆ ಫೋನಿನ ಪಟ್ಟಿಯತ್ತ ನೋಡಿದರು.

ಹೊತ್ತು ಇಳಿಯಿತು. ಹಿತ್ತಲ ಬಾಗಿಲಿನಿಂದ ಭಾಗ್ಯಾ ಬಂದಳು. ಎಮ್ಮೆಗೆ ಹಿಂಡಿ ಕಲಸುವ ಸಪ್ಪಳ, ಕೊಡದ ಸಪ್ಪಳ. ಒಳಗೆ ಯಾರೂ ಲೈಟು ಹಾಕಿರಲಿಲ್ಲ. ದೇವರ ಮುಂದಿನ ದೀಪವೊಂದೇ ಉರಿಯುತ್ತಿತ್ತು. ಸೌಭಾಗ್ಯಳ ಕೈಯಲ್ಲಿದ್ದ ಪಟ್ಟಿಯಲ್ಲಿ ಮೂರು ಹೆಸರುಗಳು. ಹಾಲು ಕೊಡಕ್ಕೆ ಬೀಳುವ ಸದ್ದು ನಿಂತಿತು.

ನಾಲ್ಕನೆಯ ಸಾಲು ಮೂಡಿತು. ಅರುಣ.

ಸೌಭಾಗ್ಯ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲಿಂದ ಬಂತೆಂದು ಗೊತ್ತಿದ್ದರೂ ಬಸಗೊಂಡಪ್ಪ ಒಮ್ಮೆ ದೇವರ ದೀಪದತ್ತ ತಿರುಗಿ ನೋಡಿದರು. ಅವರು ಗುಲಶನಳಿಗೆ ಕಣ್ಣಿನಿಂದಲೇ ಸೂಚಿಸಿ ಹಿತ್ತಲ ಬಾಗಿಲು ದಾಟಿದರು.

ಕತ್ತಲೆಯಲ್ಲಿ ಎರಡು ಎಮ್ಮೆಗಳು. ಅವುಗಳ ನಡುವೆ, ಗೋಡೆಗೆ ಬೆನ್ನು ಕೊಟ್ಟು ಕೂತ ಭಾಗ್ಯಾ. ಸೆರಗಿನೊಳಗೆ ನೀಲಿ ಬೆಳಕು. ಆ ಬೆಳಕಿನಿಂದ, ಬಹಳ ಸಣ್ಣದಾಗಿ, ಒಬ್ಬ ಗಂಡಸಿನ ದನಿ ಬಂತು:

"ಲೇ ಮುತ್ತ್ಯಾ, ಕುಣಿಯಲೇ... ಹಾಂ, ಹಾಂ, ಮತ್ತೊಮ್ಮಿ... ಏ ನಿಂದರು ನಿಂದರು, ಅಲ್ಲೇ ನಿಂದರು, ಫೋನ್ ಬಂತು..."

"ಯಪ್ಪಾ, ಅರುಣಾ!"

ಹಿಂದೆ ಗುರುಬಸವ್ವ ಬಂದು ನಿಂತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಎರಡೂ ಕೈ ಮುಂದೆ ಚಾಚಿಕೊಂಡು ಅವಳು ಎಮ್ಮೆಗಳ ನಡುವೆ ನುಗ್ಗಿದಳು. "ಬಂದೇನೋ ಯಪ್ಪಾ? ಎಲ್ಲಿದ್ದಿಯೋ?"

ದನಿ ನಿಂತಿತ್ತು. ಭಾಗ್ಯಾ ತಲೆ ಎತ್ತಿ ಮುದುಕಿಯನ್ನು ನೋಡಿದಳು, ಪೊಲೀಸರನ್ನು ನೋಡಿದಳು. ಓಡಲಿಲ್ಲ. ಫೋನನ್ನು ಗುಲಶನಳ ಕೈಗೆ ಕೊಟ್ಟಳು.

*

ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಫೋನನ್ನು ಜಪ್ತಿ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಭಾಗ್ಯಾಳನ್ನು ಅವಳ ಮನೆಯಲ್ಲೇ ಕೂರಿಸಿ, ಗುಲಶನಳನ್ನು ಜೊತೆಗಿಟ್ಟು, ಬಸಗೊಂಡಪ್ಪ ವಿಚಾರಣೆ ಶುರುಮಾಡಿದರು.

"ಈ ಫೋನ್ ಯಾರದು?"

"ಅರುಣಣ್ಣಂದ್ರಿ."

"ನಿನ್ನ ಹತ್ರ ಹ್ಯಾಂಗ ಬಂತು?"

"ತಗೊಂಡ್ನಿ. ಹೊಂಡದ ದಂಡಿ ಮ್ಯಾಲಿಂದ."

"ಆವಾಗ ಅರುಣಕುಮಾರ ಎಲ್ಲಿದ್ದ?"

"ನೀರಾಗ."

"ಜೀವ ಇತ್ತೇನು?"

ಭಾಗ್ಯಾ ನೆಲ ನೋಡಿದಳು. "ಇತ್ರಿ."

ಆಮೇಲೆ ಅವಳೇ ಹೇಳಿದಳು. ಮುತ್ತುವಿನ ಒಂದು ಫೋಟೋ ಕೂಡ ಅವಳ ಹತ್ತಿರ ಇರಲಿಲ್ಲ. ಆದರೆ ಅರುಣಕುಮಾರ ತನ್ನ ಫೋನಿನಲ್ಲಿ ಮಗ ಕುಣಿಯುವುದನ್ನು ತೆಗೆದಿದ್ದ ಎಂದು ಶೆಡ್ಡಿನ ಹೆಂಗಸರು ಹೇಳಿದ್ದರು. ಮಗ ಸತ್ತ ಮೇಲೆ ವರ್ಷವಿಡೀ ಅದನ್ನೇ ಕೇಳಿದಳು. ಇಂದು ತೋರಿಸುತ್ತೇನೆ, ನಾಳೆ ತೋರಿಸುತ್ತೇನೆ ಎಂದ. ಹೊಂಡಕ್ಕೆ ಬೇಲಿ ಹಾಕಿಸುತ್ತೇನೆ ಎಂದೂ ಹಾಗೆಯೇ ಹೇಳುತ್ತಿದ್ದ.

"ಅವತ್ತು ಶೆಡ್ಡಿನ್ಯಾಗ ನಾವಿಬ್ಬರೇ ಇದ್ವಿ. ಅಣ್ಣ ಫೋನ್ ಕಲ್ಲಿನ ಮ್ಯಾಲೆ ಇಟ್ಟು ಹಗ್ಗ ಹಿಡಕೊಂಡು ಇಳದಿದ್ದ. ನಾ ಮ್ಯಾಲೆ ನಿಂತು ಕೇಳಿದ್ನಿ, 'ಅಣ್ಣಾ, ಇವತ್ತರೆ ತೋರಸ್ರಿ.' ಅಂವ ಕೆಳಗಿನಿಂದ ಅಂದ, 'ಅದನ್ನ ಅಳಿಸೇನಿ ಭಾಗ್ಯಾ. ಎಷ್ಟಂತ ಕೇಳತಿ? ಮರತಬಿಡು.'"

"ಆಮ್ಯಾಲೆ?"

"ನಾ ದೂಡಿಲ್ರಿ. ಕಲ್ಲೂ ಒಗದಿಲ್ಲ. ಗೂಟಕ್ಕಿದ್ದ ಹಗ್ಗ ಬಿಚ್ಚಿ ಎಳಕೊಂಡ್ನಿ, ಅಷ್ಟ. ಅಂವ ಚ್ಯಾಷ್ಟಿ ಅನಕೊಂಡ. ನಕ್ಕ. ಆಮ್ಯಾಲೆ ಒದರಾಕ ಹತ್ತಿದ. ಏರತಿದ್ದ, ಜಾರತಿದ್ದ. ನನ್ನ ಮಗನೂ ಹಿಂಗ ಜಾರಿರಬೇಕಲ್ಲಾ ಅಂತ ನೋಡಕೋತ ನಿಂತ್ನಿ. ಕೊಡಬೇಕಂದ್ನಿ ಹಗ್ಗ. ಒಮ್ಮಿ ಅನಿಸ್ತು. ಕೈ ಏಳಲಿಲ್ರಿ."

ಗುಲಶನ ಬರೆಯುವುದನ್ನು ನಿಲ್ಲಿಸಿದ್ದಳು. ಬಸಗೊಂಡಪ್ಪ ಸನ್ನೆ ಮಾಡಿದ ಮೇಲೆ ಮತ್ತೆ ಬರೆದಳು.

"ಫೋನಿನ ಕೀಲಿ ಹ್ಯಾಂಗ ತೆಗದಿ?"

"ಮುತ್ತು ಅದರಾಗ ಆಟ ಆಡತಿದ್ದ. ಹ್ಯಾಂಗ ಗೆರಿ ಎಳೀಬೇಕಂತ ಗೋಡಿ ಮ್ಯಾಲೆ ಬೆರಳಿನಿಂದ ಬರದು ನನಗ ತೋರಸತಿದ್ದ. ಯಾರರೆ ಫೋನ್ ಹಚ್ಚಿಯಾರಂತ ಸಿಮ್ ಮೊದಲ ತೆಗದು ಒಗದಿದ್ನಿ. ತೆಗದು ನೋಡಿದ್ರ ಐತ್ರಿ! ಅಳಿಸಿರಲಿಲ್ಲ. ಆದ್ರ ಬರೇ ಚಿತ್ರ ಕಾಣತಿತ್ತು, ನಡಿಯೂದಿಲ್ಲ. ನೆಟ್ ಬೇಕಂತ ಬರತಿತ್ತು. ಒಂದಿನ ಹಾಲು ಹಿಂಡಾಕ ಹ್ವಾದಾಗ ಉಡ್ಯಾಗ ಇತ್ತು. ತಾನ ನಡೀತು. ಅವತ್ತಿನಿಂದ ದಿನಾ..."

ಹಳೆಯ ವಿಡಿಯೋಗಳು ಫೋನಿನಲ್ಲಿ ಜಾಗ ಸಾಲದೆ ಇಂಟರ್ನೆಟ್ಟಿಗೆ ಏರಿ ಕೂತಿದ್ದವು. ಸಿಮ್ ಇಲ್ಲದ ಆ ಫೋನಿಗೆ ಗೊತ್ತಿದ್ದ ವೈಫೈ ಗುರುಬಸವ್ವನ ಮನೆಯದೊಂದೇ.

"ಒಮ್ಮಿ ಫೋನಿನ್ಯಾಗ ಇಳಿಸಿ ಇಟಗೊಂಡಿದ್ರ ದಿನಾ ಬರೂದು ಬೇಕಾಗತಿರಲಿಲ್ಲಬೇ," ಎಂದಳು ಗುಲಶನ, ತಡೆಯಲಾರದೆ.

ಭಾಗ್ಯಾ ಅವಳ ಕಡೆ ತಿರುಗಿದಳು. "ಹಂಗ ಮಾಡಾಕ ಬರತೈತೇನ್ರಿ?"

*

ಗುರುವಾರ ಬೆಳಗ್ಗೆ ಎಫ್‌ಐಆರ್ ದಾಖಲಾಯಿತು: ಕೊಲೆ, ಸಾಕ್ಷ್ಯ ಮುಚ್ಚಿಟ್ಟದ್ದು. ಭಾಗ್ಯಾಳನ್ನು ದಸ್ತಗಿರಿ ಮಾಡಿದರು. ಹೊಂಡದ ದಂಡೆಯಲ್ಲಿ ಅವಳು ತಾನು ನಿಂತ ಜಾಗ, ಹಗ್ಗ ತೂಗುಹಾಕಿದ ಮೊಳೆ ತೋರಿಸಿದಳು. ಪಂಚರು ಸಹಿ ಮಾಡಿದರು. ಮಧ್ಯಾಹ್ನ ಜೀಪು ಅವಳನ್ನು ವಿಜಯಪುರದ ನ್ಯಾಯಾಲಯಕ್ಕೆ ಕರೆದೊಯ್ದಿತು. ಇಟ್ಟಂಗಿಹಾಳ ದಾಟುವಾಗ ರಸ್ತೆಗೆ ಒಂದು ಕುರಿಮಂದೆ ಅಡ್ಡ ಬಂತು. ಗಂಡನದಿರಬಹುದೇ ಎಂದು ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಅಲ್ಲ.

ದನಿಯ ಗುರುತಿಗಾಗಿ ವಿಡಿಯೋವನ್ನು ಮನೆಯವರಿಗೆ ತೋರಿಸಬೇಕಾಯಿತು. ಸೌಭಾಗ್ಯ ಒಬ್ಬಳೇ ನೋಡುತ್ತೇನೆಂದಳು. ಒಂದು ನಿಮಿಷವೂ ಇಲ್ಲದ ಚಿತ್ರ. ಹೊಂಡದ ದಂಡೆಯಲ್ಲಿ ಕೆಂಪು ಚಡ್ಡಿಯ ಹುಡುಗ ಕುಣಿಯುತ್ತಾನೆ, ಹಿಂದೆ ಕರಿ ಹಾಳೆ, ನೀರು. ಫೋನ್ ಬಂತು ಎನ್ನುವಲ್ಲಿಗೆ ಮುಗಿಯುತ್ತದೆ. ತಾರೀಖು ಮುತ್ತು ಸತ್ತ ದಿನದ್ದೇ.

"ನಮ್ಮನಿಯವರು, ಅವತ್ತು ಬಬಲೇಶ್ವರ ಸಂತಿಗಿ ಹೋಗಿದ್ನಿ, ತ್ವಾಟದಾಗ ಇರಲೇ ಇಲ್ಲ ಅಂತ ಎಲ್ಲಾರಿಗೂ ಹೇಳಿದ್ರು," ಎಂದಳು ಸೌಭಾಗ್ಯ. "ಸಂತಿಯಿಂದ ಏನೂ ತಂದಿರಲಿಲ್ಲ. ನಾ ಯಾಕ ಅಂತ ಕೇಳಲಿಲ್ಲ."

"ಇದನ್ನ ಅಳಿಸಿಬಿಡಬಹುದಿತ್ತಲ್ಲವ್ವಾ ಅವರು. ಯಾಕ ಇಟಗೊಂಡ್ರು?" ಬಸಗೊಂಡಪ್ಪ ಕೇಳಿದರು.

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. "ಸಂಜಿಮುಂದ ಹಿತ್ತಲದಾಗ ಹೋಗಿ ಒಬ್ಬರೇ ಫೋನ್ ನೋಡಕೋತ ಕೂಡತಿದ್ರು. ಕರದ್ರ ತಟ್ಟನ ಬಂದ್ ಮಾಡತಿದ್ರು. ನಾ ಬ್ಯಾರೇನೋ ಸಂಶಯಾ ಪಟ್ಟಿದ್ನಿ ರೀ."

ಫೋನು ಮೊಹರಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಫೆಬ್ರುವರಿಯಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಕೃತ್ಯದ ಉದ್ದೇಶ ಬರೆಯಬೇಕಾದಲ್ಲಿ ಬಸಗೊಂಡಪ್ಪ ಮೊದಲು 'ಹಗೆತನ' ಎಂದು ಬರೆದು, ಹೊಡೆದುಹಾಕಿ, 'ಮೃತ ಮಗನ ವಿಡಿಯೋ ತೋರಿಸಲು ನಿರಾಕರಿಸಿದ್ದರಿಂದ' ಎಂದು ಬರೆದರು. ಅದೂ ಪೂರ್ತಿ ಸರಿ ಎನಿಸಲಿಲ್ಲ. ಹಾಗೆಯೇ ಬಿಟ್ಟರು.

ಅದರ ಮುಂದಿನ ತಿಂಗಳು ನ್ಯಾಯಾಲಯದಿಂದ ಠಾಣೆಯ ಅಭಿಪ್ರಾಯಕ್ಕೆಂದು ಎರಡು ಅರ್ಜಿಗಳು ಒಂದೇ ಲಕೋಟೆಯಲ್ಲಿ ಬಂದವು. ಎರಡೂ ಆ ವಿಡಿಯೋದ ಪ್ರತಿ ಬೇಕೆಂದು ಕೇಳಿದ್ದವು. ಒಂದು ಜೈಲಿನಿಂದ, ಆರೋಪಿಯ ವಕೀಲರ ಮೂಲಕ: ಅದರಲ್ಲಿ ನನ್ನ ಮಗನ ಮುಖ ಇರುತ್ತದೆ. ಇನ್ನೊಂದು ಗುರುಬಸವ್ವನದು, ಕೆಳಗೆ ಹೆಬ್ಬೆಟ್ಟಿನ ಗುರುತು: ಅದರಲ್ಲಿ ನನ್ನ ಮಗನ ದನಿ ಇರುತ್ತದೆ.

ಬಸಗೊಂಡಪ್ಪ ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರ ಮೇಲೂ 'ತಕರಾರಿಲ್ಲ' ಎಂದು ಬರೆದು ಸಹಿ ಹಾಕಿದರು.